ತಾನಾಗಿ ಬೆಳೆದ ಬನ

ವರ್ಕಾಡಿಯಲ್ಲಿ ವಾಸಪ್ಪನ ತೋಟದ ಮೇಲಿನ ಕೆಂಪು ಮುರಕಲ್ಲಿನ ಗುಡ್ಡ ಒಂದು ಕಾಲಕ್ಕೆ ಯಾರಿಗೂ ಬೇಡದ ಜಾಗ. ಅಕೇಶಿಯಾ ನೆಟ್ಟು, ಕಡಿದು ಮಾರಿದ ಮೇಲೆ ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುತ್ತಿರಲಿಲ್ಲ. ದನ ಕೂಡ ಅತ್ತ ಮೂತಿ ಹಾಕುತ್ತಿರಲಿಲ್ಲವೆಂದರೆ ನೋಡಿ! ಆ ಗುಡ್ಡದ ಅಂಚಿನ ಹಳೇ ಮನೆಯಲ್ಲಿ ಅವನ ಅಕ್ಕ ಅಪ್ಪಿ ಒಬ್ಬಳೇ ಇದ್ದಳು. ಮದುವೆಯ ಮಾತು ಬಂದದ್ದುಂಟು, ಕೂಡಿ ಬರಲಿಲ್ಲ. ತಾಯಿ ತೀರಿಹೋದಳು, ತಮ್ಮ ಕೆಳಗೆ ಹೊಸ ಮನೆ ಕಟ್ಟಿಸಿಕೊಂಡು ಹೋದ. ಜಗಳವೇನೂ ಇಲ್ಲ. "ಬಾ ಅಕ್ಕ, ನಮ್ಮೊಟ್ಟಿಗೇ ಇರು" ಎಂದಿದ್ದ. ಒಮ್ಮೆ ಎಂದಿದ್ದ. ಒಮ್ಮೆ ಮಾತ್ರ ಕರೆದರೆ ಅದರ ಅರ್ಥವೇನೆಂದು ತಿಳಿಯದಷ್ಟು ದಡ್ಡಿಯಲ್ಲ ಅಪ್ಪಿ.

ಬೀಡಿ ಕಟ್ಟುವವರು ನಾಲ್ಕು ಜನ ಸೇರಿ ಕೂರಬೇಕು. ಕೈ ಎಲೆಯಲ್ಲಿ, ಬಾಯಿ ಊರಲ್ಲಿ. ಅಪ್ಪಿಗೆ ಆ ಭಾಗ್ಯವಿಲ್ಲ. ಮಡಿಲಲ್ಲಿ ಬೀಡಿ ಎಲೆಯ ಗೆರಸೆ ಇಟ್ಟುಕೊಂಡು ಬೆಳಗಿನಿಂದ ಬೈಗಿನವರೆಗೆ ಆ ಬೋಳು ಗುಡ್ಡವನ್ನೇ ನೋಡಿ ನೋಡಿ ರೇಜಿಗೆ ಹತ್ತಿತು. ಒಂದು ದಿನ ಕಟ್ಟಿದ ಬೀಡಿ ಬ್ರಾಂಚಿಗೆ ಕೊಟ್ಟು ಬರುವಾಗ ಕುಂಟಲ ಹಣ್ಣು ತಿಂದವಳು ಬೀಜ ಎಸೆಯದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಲ್ಲಿಂದ ಶುರು. ರಸ್ತೆ ಅಗಲ ಮಾಡುವಲ್ಲಿ ಕಿತ್ತೆಸೆದ ಕೇಪಳದ ಗಿಡ, ಯಾರದೋ ಬೇಲಿಯ ಚೂರಿಮುಳ್ಳು, ರೆಂಜೆಯ ಸಸಿ, ಪುನರ್ಪುಳಿ. ಕಲ್ಲಿನ ಬಿರುಕುಗಳಿಗೆ ತೋಟದ ಮಣ್ಣು ಹೊತ್ತು ತುಂಬಿದಳು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತಳು.

"ಅಪ್ಪಿಗೆ ಮಂಡೆ ಸಮ ಇಲ್ಲ. ಕಾಟು ಗಿಡಕ್ಕೆ ಯಾರಾದರೂ ನೀರು ಹಾಕ್ತಾರಾ?" ಎಂದರು ಊರವರು. ಅನ್ನಲಿ, ಅನ್ನುವವರ ಬಾಯಿಗೆ ಬೀಗ ಹಾಕಲಾದೀತೇ?

ವರ್ಷಗಳು ಹೋದವು, ಗುಡ್ಡ ಸೋತಿತು. ಪಿಕಳಾರ ಹಕ್ಕಿಗಳು ಬಂದವು, ಅವುಗಳ ಹಿಕ್ಕೆಯಿಂದ ಅಪ್ಪಿ ನೆಡದ ಗಿಡಗಳೂ ಎದ್ದವು. ಚಿಟ್ಟೆ ಬಂತು, ಮೊಲ ಬಂತು, ಮುಂಗುಸಿಯ ಸಂಸಾರವೇ ಬಂತು. ಅಪ್ಪಿ ಗೆರಸೆ ಹಿಡಿದು ರೆಂಜೆ ಮರದ ನೆರಳಿಗೇ ಹೋಗಿ ಕೂರತೊಡಗಿದಳು. "ಎಂತ ಮಾರಾಯ, ಇವತ್ತು ತಡ?" ಎಂದು ಕೆಂಬೂತವನ್ನು ವಿಚಾರಿಸುವಳು. ಉತ್ತರ ಬರದಿದ್ದರೇನು, ಕೇಳಲಿಕ್ಕೆ ಒಬ್ಬರಾದರೂ ಸಿಕ್ಕಿದರಲ್ಲ!

ರಬ್ಬರಿಗೆ ಕ್ರಯ ಏರಿದ ವರ್ಷ ವಾಸಪ್ಪ ಏದುಸಿರು ಬಿಡುತ್ತಾ ಮೇಲೆ ಬಂದ. "ಅಕ್ಕ, ನಾಡಿದ್ದು ಜೆಸಿಬಿ ಬರ್ತದೆ. ಇದನ್ನೆಲ್ಲ ತೆಗೆದು ರಬ್ಬರ್ ಹಾಕುವುದು."

"ಇದೆಲ್ಲ ನಾನು ಮಾಡಿದ್ದಲ್ವಾ?"

"ಈ ಕಾಟು ಪೊದೆಯಿಂದ ಎಂತ ಸಿಗ್ತದೆ? ನಿನಗೆ ಕೂರ್ಲಿಕ್ಕೆ ನಮ್ಮ ಜಗಲಿ ಉಂಟಲ್ಲ."

ಜಾಗ ಅವನದು, ಅತ್ತರೂ ಕರೆದರೂ ನಡೆಯದು. ಆದರೆ ಅವನು ಯಾವುದಕ್ಕೆ ಹೆದರುತ್ತಾನೆಂದು ಎತ್ತಿ ಆಡಿಸಿದ ಅಕ್ಕನಿಗೆ ಗೊತ್ತಿಲ್ಲವೇ? ಕಾಣದ್ದನ್ನು ಕಂಡೆನೆಂದು ಹೇಳಿಬಿಟ್ಟಳು: "ಅಲ್ಲಿ ನಾಗ ಉಂಟು. ನಾನು ನೋಡಿದ್ದೇನೆ. ಹೆಡೆ ಎತ್ತಿ ನಿಂತಿತ್ತು."

ವಾಸಪ್ಪ ಬಿಳಿಚಿಕೊಂಡ. ಮಗಳು ನಿಶ್ಮಿತಾಳ ಕೈಯ ತುರಿಕಜ್ಜಿ ಯಾವ ಮದ್ದಿಗೂ ಬಗ್ಗಿರಲಿಲ್ಲ. ಚರ್ಮದ ಕಾಯಿಲೆಯೆಂದರೆ ನಾಗನ ಮುನಿಸು ಎಂದು ನಂಬುವ ಊರು. ಅಲ್ಲೇ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು ಗುಡ್ಡ ಇಳಿದ. ಜೆಸಿಬಿ ಬರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅಪ್ಪಿ ಆ ರಾತ್ರಿ ಹೊಟ್ಟೆತುಂಬ ಉಂಡಳು.

ಜೆಸಿಬಿಯ ಬದಲು ಹರಿನಾರಾಯಣ ತಂತ್ರಿಗಳು ಬಂದರು. ಕವಡೆ ಮಗುಚಿ ಪ್ರಶ್ನೆ ಇಟ್ಟು ನೋಡಿದರು. "ಹಿಂದೆ ಇಲ್ಲಿ ನಾಗಬನ ಇತ್ತು, ನಿಮ್ಮ ಹಿರಿಯರು ಕಡಿದಿದ್ದಾರೆ. ಈಗ ನಾಗನೇ ಎಬ್ಬಿಸಿಕೊಂಡಿದ್ದಾನೆ. ತಾನಾಗಿ ಬೆಳೆದ ಬನ ಇದು."

"ಅಕ್ಕ ನೀರು ಹಾಕ್ತಿದ್ದಳು ಸ್ವಾಮಿ," ಎಂದ ವಾಸಪ್ಪ.

"ಹಾಕಿಸಿದ್ದು ಯಾರು?" ಎಂದು ತಂತ್ರಿಗಳು ನಕ್ಕರು. "ಇನ್ನು ಒಳಗೆ ಯಾರೂ ಕಾಲಿಡಬಾರದು. ಒಂದು ಕಡ್ಡಿ ಮುರಿಯಬಾರದು. ಪೂಜೆಗೆ ನಾನು ಬರ್ತೇನೆ."

"ನಾನೂ ಹೋಗಬಾರದಾ?" ಎಂದಳು ಅಪ್ಪಿ.

"ಬೀಡಿ ಕಟ್ಲಿಕ್ಕೆ ನಿನಗೆ ನಾಗನ ಬನವೇ ಆಗಬೇಕಾ?" ಎಂದು ವಾಸಪ್ಪ ಗದರಿದ. ಸೇರಿದವರೆಲ್ಲ ನಕ್ಕರು. ನಾಗನೂ ಇಲ್ಲ, ಏನೂ ಇಲ್ಲ, ನಾನು ಸುಳ್ಳು ಹೇಳಿದ್ದು ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ನಾಳೆಯೇ ಜೆಸಿಬಿ. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೇಬೇಕಾಯಿತು.

ಮುರಕಲ್ಲಿನ ಗೋಡೆ ಎದ್ದಿತು, ಕಬ್ಬಿಣದ ಗೇಟು ಬಂತು, ಬೀಗ ಬಿತ್ತು. ನಿಶ್ಮಿತಾಳ ಕೈ ಗುಣವಾಯಿತು. ಮದ್ದಿನಿಂದಲೋ ನಾಗನಿಂದಲೋ, ಅದನ್ನು ನನ್ನನ್ನು ಕೇಳಬೇಡಿ. ವಾಸಪ್ಪ ಈಗ ವಾರವಾರ ದೀಪ ಇಡಲು ಬರುತ್ತಾನೆ. ಅಕ್ಕನಿಗಾಗಿ ಹತ್ತದ ಗುಡ್ಡವನ್ನು ನಾಗನಿಗಾಗಿ ಹತ್ತುತ್ತಾನೆ.

ಅಪ್ಪಿ ಗೋಡೆಯ ಹೊರಗೆ ಚಾಪೆ ಹಾಸಿ, ಕಲ್ಲಿಗೆ ಬೆನ್ನು ಕೊಟ್ಟು ಬೀಡಿ ಕಟ್ಟುತ್ತಿದ್ದಳು. ಒಳಗೆ ಒಣಗಿದೆಲೆಯ ಮೇಲೆ ಏನೋ ಓಡಿದ ಸದ್ದಾದರೆ ಮೊಲವಿರಬೇಕು ಎಂದುಕೊಳ್ಳುವಳು. ಒಂದು ಸಂಜೆ ವಾಸಪ್ಪ ಕಂಡವನೇ, "ಅಕ್ಕ, ಗೋಡೆಗೆ ಒರಗಬಾರದು. ಅದೂ ಬನದ್ದೇ ಅಲ್ವಾ?" ಎಂದ.

"ಹೌದಲ್ಲ" ಎಂದು ಅಪ್ಪಿ ಎದ್ದು ಚಾಪೆ ಸುತ್ತಿದಳು.

"ನೀನು ಹೇಳಿದ್ದರಿಂದ ನಾವು ಉಳಿದೆವು. ಇಲ್ಲದಿದ್ದರೆ ಎಂಥ ಅನಾಹುತ ಆಗ್ತಿತ್ತು!"

ಆಗಲೇ ಒಳಗಿನಿಂದ ಒಂದು ಹಕ್ಕಿ ಕೂಗಿತು. ಆ ದನಿ ಹೊಸತು; ಈ ಗುಡ್ಡದಲ್ಲಿ ಅಪ್ಪಿ ಕೇಳಿದ್ದೇ ಇಲ್ಲ. ತುದಿಗಾಲಲ್ಲಿ ನಿಂತರೂ ಗೋಡೆಯಾಚೆ ಎಲೆಗಳಲ್ಲದೆ ಏನೂ ಕಾಣಲಿಲ್ಲ. "ಯಾವ ಹಕ್ಕಿ ಅದು?" ಎಂದಳು.

"ಎಲ್ಲ ಅವನದ್ದೇ" ಎಂದು ವಾಸಪ್ಪ ಕಣ್ಣು ಮುಚ್ಚಿ ಕೈಮುಗಿದ.

ಅಪ್ಪಿಯೂ ಕೈಮುಗಿದಳು. ಭಕ್ತಿಯಿಂದ ಅತ್ತಳೆಂದೇ ತಮ್ಮ ತಿಳಿದುಕೊಳ್ಳುತ್ತಾನೆ ಎಂಬ ಧೈರ್ಯದಲ್ಲಿ ಅತ್ತೂಬಿಟ್ಟಳು.