ಎಂಬತ್ತಾರು ಕ್ರೆಡಿಟ್ಟಿನ ಏಣಿ

ಕುರ್ಚಿ ಇನ್ನೂ ಅವನ ಎತ್ತರಕ್ಕೇ ಇದೆ, ಪಾದ ನೆಲಕ್ಕೆ ತಾಗುತ್ತಿಲ್ಲ, ತಗ್ಗಿಸುವ ಹಿಡಿ ಎಲ್ಲಿದೆಯೋ ಎಂದು ಕೆಳಗೆ ಕೈಯಾಡಿಸಿದರೆ ಬೆರಳಿಗೆ ಒಣಗಿದ ಚ್ಯೂಯಿಂಗ್ ಗಮ್, ಥೂ, ಮೂರು ವರ್ಷ ಇಲ್ಲಿ ಕೂತು ಜಗಿದು ಜಗಿದು ಅಂಟಿಸಿ ಹೋಗಿದ್ದಾನೆ ಟ್ರೆವರ್, ಹೋಗಲಿ, ಕುರ್ಚಿ ಈಗ ಲಿಯೋನಾಳದು, ಇವತ್ತು ಬೆಳಗ್ಗೆ ಹತ್ತೂವರೆಯಿಂದ, ಗೋಧಿ ಸಹಕಾರ ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ, ಹೆಸರು ಲಿಯೋನಾ ಡ್ರೈಲಿಂಗ್, ವಯಸ್ಸು ಐವತ್ತೆರಡು, ವಿದ್ಯಾರ್ಹತೆ — ಆ ಪದವನ್ನು ಅವಳು ಬಾಯಲ್ಲಿ ಹೊರಳಿಸಿ ನೋಡಿದಳು, ರೂಬಾರ್ಬ್ ಪೈ ತಿಂದ ಹಾಗೆ, ಮೊದಲು ಸಿಹಿ, ಬೆನ್ನಿಗೇ ಹಲ್ಲು ಚುಳ್ಳೆನ್ನುವ ಹುಳಿ. ಕಿಟಕಿಯಾಚೆ ಲಾರಿಗಳು ಹೆದ್ದಾರಿಯವರೆಗೂ ಸಾಲುಗಟ್ಟಿವೆ, ಕೊಯ್ಲಿಗೆ ಇದು ಎರಡನೇ ದಿನ, ಒಂದೊಂದು ಲಾರಿ ತೂಕದ ಕಟ್ಟೆ ಹತ್ತಿದಾಗಲೂ ನೆಲ ಸಣ್ಣಗೆ ನಡುಗುತ್ತದೆ, ಈ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ, ರೈತನ ಹೆಸರು, ತೂಕ, ತೇವ, ತೇವ ಹೆಚ್ಚಿದ್ದರೆ ಸಾಲಿಗೆ ಹಳದಿ ಬಣ್ಣ, ಎಲ್ಲವೂ ಅವಳು ಬರೆದದ್ದು, ಹದಿನಾರು ವರ್ಷದ ಹಿಂದೆ, ಲೈಬ್ರರಿಯಿಂದ ತಂದ ಎರಡು ಪುಸ್ತಕ ನೋಡಿಕೊಂಡು, ಆದರೆ ಪರದೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಏನಿತ್ತು, ವಿನ್ಯಾಸ ಟ್ರೆವರ್ ಹಾಲ್‌ಸ್ಟೆಡ್, ಅದನ್ನು ಅಳಿಸಿದ್ದೇ ಈ ಕುರ್ಚಿಯಲ್ಲಿ ಕೂತು ಮಾಡಿದ ಮೊದಲ ಕೆಲಸ, ಪೂರ್ತಿ ಸಾಲನ್ನು ಒಂದೇ ಏಟಿಗೆ ಅಳಿಸಬಹುದಿತ್ತು, ಅಳಿಸಲಿಲ್ಲ, ಒಂದೊಂದೇ ಅಕ್ಷರ, ಒತ್ತಿ, ನಿಲ್ಲಿಸಿ, ನೋಡಿ, ಮತ್ತೆ ಒತ್ತಿ.

ಹೋದ ಆಗಸ್ಟಿನ ಸಭೆ, ಅದನ್ನು ಅವಳು ಮರೆತ ದಿನವಿಲ್ಲ, ಅವತ್ತು ಎಲೆಕೋಸು ಮಾಂಸ ತುಂಬಿದ ಬೀರಾಕ್ ಮಾಡಿ ತಂದಿದ್ದಳು, ನಲವತ್ತು ಬನ್ನು, ಬೆಳಗ್ಗೆ ನಾಲ್ಕಕ್ಕೇ ಎದ್ದು ಹಿಟ್ಟು ನಾದಿ, ಅದನ್ನೇ ಕಚ್ಚುತ್ತಾ, ಅವಳ ಬೀರಾಕನ್ನೇ ಕಚ್ಚುತ್ತಾ ಎದ್ದು ನಿಂತ ಟ್ರೆವರ್, ಮೂವತ್ತೊಂದರ ಹುಡುಗ, ಕೆಲಸ ಕಲಿಸಿದವಳು ಇವಳೇ, ತೂಕದ ಯಂತ್ರದ ತಂತಿ ಯಾವುದು ಎಲ್ಲಿಗೆ ಎಂದು ಕೈಹಿಡಿದು ತೋರಿಸಿದವಳು, ಅವನು ಹೇಳಿದ, ಲಿಯೋನಾ ಅಂದ್ರೆ ನಮ್ಮ ಆಫೀಸಿನ ಅಜ್ಜಿ ಇದ್ದ ಹಾಗೆ, ಅವರಿಲ್ದಿದ್ರೆ ನಾವು ಹಸ್ಕೊಂಡೇ ಸಾಯ್ತಿದ್ವಿ, ಆದ್ರೆ ಇಂಜಿನಿಯರ್ ಕೆಲಸ ಬೇರೆ ಅಲ್ವಾ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಆ ನಗುವೇ ಹತ್ತು ತಿಂಗಳು ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತದ್ದು, ಅವನು ನಗಿಸಿದ್ದಲ್ಲ, ತಾನೂ ನಕ್ಕದ್ದು. ಸಭೆ ಮುಗಿದ ಮೇಲೆ ಸಂಘದ ಅಧ್ಯಕ್ಷ ಆಲ್ವಿನ್ ಬೀಕರನ ಹಿಂದೆ ಅವನ ಪಿಕಪ್ಪಿನ ತನಕ ನಡೆದಳು, ಎಪ್ಪತ್ತೆಂಟರ ಮುದುಕ, ಕಿವಿಯೊಳಗೂ ಗೋಧಿ ಧೂಳು, ಟ್ರೆವರ್ ಈಗ ತಾತ್ಕಾಲಿಕವಾಗಿ ನೋಡ್ಕೊಳ್ತಿರೋ ಮುಖ್ಯಸ್ಥರ ಹುದ್ದೆ ಜೂನಿಗೆ ಖಾಯಂ ಮಾಡ್ತೀರಂತೆ, ನಾನೂ ಅರ್ಜಿ ಹಾಕ್ತೀನಿ ಎಂದಳು. ನೋಡಮ್ಮ ಲಿಯೋನಾ, ಡಿಗ್ರಿ ಇರ್ಬೇಕು ಅಂತ ನಿಯಮ ಇದೆ, ನಾನೇನು ಮಾಡ್ಲಿ, ನಾನು ಮಾಡಿದ ನಿಯಮ ಅಲ್ಲ. ನೀವೇ ಮಾಡಿದ್ದು ಆಲ್ವಿನ್, ಟೈಪ್ ಮಾಡಿದವಳು ನಾನು. ಹೌದಾ, ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡ, ಯಾರು ಮಾಡಿದ್ರೇನು, ನಿಯಮ ನಿಯಮಾನೇ.

ಸರಿ, ಕಾಗದ ತಾನೇ, ಕಾಗದವನ್ನೇ ತಂದು ಮುಖಕ್ಕೆ ಹಿಡಿಯುತ್ತೇನೆ, ಎಂದು ಅಂದೇ ಕೂತಳು, ನೆಲಮಾಳಿಗೆಯಲ್ಲಿ, ಡೀಪ್ ಫ್ರೀಜರಿನ ಪಕ್ಕ ಇಸ್ತ್ರಿ ಮೇಜು ಹಾಕಿಕೊಂಡು, ನಾಲ್ಕು ವರ್ಷದ ಕಂಪ್ಯೂಟರ್ ಸೈನ್ಸ್ ಡಿಗ್ರಿಯನ್ನು ಹತ್ತು ತಿಂಗಳಲ್ಲಿ ಮುಗಿಸುವವರು ಇದ್ದಾರೆಯೇ ಎಂದು ಹುಡುಕಿದರೆ ಒಂದು ದೊಡ್ಡ ಸಂತೆಯೇ ಅಲ್ಲಿತ್ತು, ಲಾರಿ ಡ್ರೈವರುಗಳು, ನರ್ಸುಗಳು, ಮೂರು ಮಕ್ಕಳ ತಾಯಂದಿರು, ನಾನು ಆರು ತಿಂಗಳಲ್ಲಿ, ನಾನು ನಾಲ್ಕೇ ತಿಂಗಳಲ್ಲಿ, ಎಲ್ಲರೂ ಒಂದೇ ದಾರಿ ಹೇಳುವವರು, ಮೊದಲೇ ವಿಶ್ವವಿದ್ಯಾಲಯಕ್ಕೆ ಸೇರಬೇಡಿ, ಹಳೆಯ ಕ್ರೆಡಿಟ್ಟುಗಳನ್ನು ಗುಡಿಸಿ ತನ್ನಿ, ಉಳಿದದ್ದರಲ್ಲಿ ಆದಷ್ಟನ್ನು ಹೊರಗಿನ ಆನ್‌ಲೈನ್ ಪಾಠಗಳಲ್ಲಿ ಮುಗಿಸಿ ಆ ಕ್ರೆಡಿಟ್ಟುಗಳನ್ನು ವರ್ಗಾಯಿಸಿಕೊಳ್ಳಿ, ಕೊನೆಗೆ ಸೇರಿ, ಒಂದೇ ಅವಧಿಯಲ್ಲಿ ಉಳಿದದ್ದನ್ನು ನುಂಗಿಬಿಡಿ. ಇಪ್ಪತ್ತರಲ್ಲಿ ಅರ್ಧಕ್ಕೆ ಬಿಟ್ಟ ಕಾಲೇಜಿನಿಂದ ಮೂವತ್ತೊಂದು ಕ್ರೆಡಿಟ್ ಬಂದವು, ಬೌಲಿಂಗ್ ಆಡಿದ್ದಕ್ಕೂ ಒಂದು, ಗಂಡ ಮಿಲ್ಟ್ ಅದನ್ನು ಕೇಳಿ ಒಂದು ವಾರ ನಕ್ಕ, ಲೇ, ಕಂಪ್ಯೂಟರಿಗೂ ಬೌಲಿಂಗಿಗೂ ಏನೇ ಸಂಬಂಧ, ಹಾಗಾದ್ರೆ ನಾನು ಮೀನು ಹಿಡಿದಿದ್ದಕ್ಕೆ ಡಾಕ್ಟರೇಟೇ ಕೊಡ್ಬೇಕು. ಆನ್‌ಲೈನ್ ಪಾಠಗಳಿಂದ ಐವತ್ತೈದು, ಒಟ್ಟು ಎಂಬತ್ತಾರು, ಡಿಗ್ರಿಗೆ ಬೇಕಾದ ನೂರಿಪ್ಪತ್ತರಲ್ಲಿ ಎಂಬತ್ತಾರು ವಿಶ್ವವಿದ್ಯಾಲಯದ ಬಾಗಿಲು ತಟ್ಟುವ ಮೊದಲೇ ಮಡಿಲಲ್ಲಿ, ಉಳಿದ ಮೂವತ್ತನಾಲ್ಕಕ್ಕೆ ಜನವರಿಯಿಂದ ಮೇ ತನಕ, ಪ್ರತಿ ಪರೀಕ್ಷೆಗೂ ನಕಲು ಮಾಡದಂತೆ ಎಲ್ಲೋ ದೂರದಿಂದ ಕ್ಯಾಮೆರಾದಲ್ಲಿ ಕಾಯುವ ಒಂದು ದನಿ, ಮೇಡಂ ಕಿವಿ ತೋರಿಸಿ, ಮೇಡಂ ಮೇಜಿನ ಕೆಳಗೆ ತೋರಿಸಿ, ಆ ಗಾಜಿನ ಜಾಡಿಗಳಲ್ಲಿ ಏನಿದೆ ಮೇಡಂ, ಬೀಟ್‌ರೂಟ್ ಉಪ್ಪಿನಕಾಯಪ್ಪಾ, ಒಂದನ್ನು ತಿರುಗಿಸಿ ತೋರಿಸಿ ಮೇಡಂ. ಲ್ಯಾಪ್‌ಟಾಪ್ ಎತ್ತಿ ನಾಲ್ಕು ಗೋಡೆ, ಸೂರು, ಮೆಟ್ಟಿಲು ತೋರಿಸುತ್ತಿದ್ದಾಗಲೇ ಮಿಲ್ಟ್ ಬರೀ ಚಡ್ಡಿಯಲ್ಲಿ ಇಳಿದು ಬಂದು, ಏನೇ, ಮನೆ ಮಾರ್ತಿದ್ದೀಯಾ ಎಂದಿದ್ದ, ಆ ದನಿಯೂ ನಕ್ಕಿತ್ತು, ಅವಳಿಗೆ ಮಾತ್ರ ನಗು ಬರಲಿಲ್ಲ, ಹಲ್ಲು ಕಚ್ಚಿ ಒಂದೊಂದು ಉತ್ತರ ಒತ್ತಿದಾಗಲೂ ಟ್ರೆವರನ ಬಾಯಿಂದ ಒಂದೊಂದು ಬೀರಾಕ್ ಕಿತ್ತುಕೊಂಡ ಹಾಗೆ.

ಆ ಸಂತೆಯಲ್ಲಿ ಅವಳು ನೆಚ್ಚಿಕೊಂಡದ್ದು ಒಬ್ಬನನ್ನೇ, ನಡುಹಗಲು ಎಂದು ಹೆಸರಿಟ್ಟುಕೊಂಡವನು, ಅವನು ಬರೆದಿಟ್ಟ ಪಟ್ಟಿ ಎಲ್ಲರಿಗಿಂತ ಚೊಕ್ಕ, ಯಾವ ಪಾಠ ಮೊದಲು, ಯಾವುದು ಆಮೇಲೆ, ಯಾವುದು ವರ್ಗಾವಣೆಯಾಗುತ್ತದೆ, ಯಾವುದನ್ನು ನಂಬಿ ಕೆಡಬೇಡಿ, ಗಣಿತ ಮೊದಲು ಮುಗಿಸಿ, ಧೈರ್ಯ ಇರುವಾಗಲೇ ಮುಗಿಸಿ, ಅವಳು ಅದನ್ನು ಫ್ರೀಜರಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು, ಒಂದೊಂದನ್ನೇ ಹೊಡೆದುಹಾಕುತ್ತಾ. ಫೆಬ್ರವರಿಯಲ್ಲಿ ಗಣಿತದ ಒಂದು ಪರೀಕ್ಷೆಯಲ್ಲಿ ಎರಡನೇ ಸಲವೂ ಬಿದ್ದಾಗ ಬೀಟ್‌ರೂಟ್ ಎಂಬ ತನ್ನ ಸುಳ್ಳು ಹೆಸರಿನಲ್ಲಿ ಅವನಿಗೆ ಬರೆದಳು, ನನಗೆ ಐವತ್ತೆರಡು, ಸಾಕಾಯಿತು, ಬಿಡುತ್ತೇನೆ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಉತ್ತರ, ಅವನ ಉತ್ತರ ಬರುತ್ತಿದ್ದದ್ದೆಲ್ಲ ಆ ಹೊತ್ತಿಗೇ, ಬಿಡ್ಬೇಡಿ, ಎರಡು ದಿನ ಪುಸ್ತಕ ಮುಚ್ಚಿಡಿ, ಮೂರನೇ ದಿನ ಕೊನೇ ಅಧ್ಯಾಯದಿಂದ ಹಿಂದಕ್ಕೆ ಓದ್ಕೊಂಡು ಬನ್ನಿ, ನಿಮ್ಮಂಥೋರು ಬಿಟ್ಟುಬಿಡ್ಲಿ ಅಂತಾನೇ ಕಾಯ್ತಿರ್ತಾರೆ ಕೆಲವ್ರು, ಅವ್ರಿಗೆ ಆ ಸುಖ ಕೊಡ್ಬೇಡಿ. ಓದಿ ಅವಳ ಕಣ್ಣು ತುಂಬಿತ್ತು, ಆ ಕೆಲವರು ಎಂದರೆ ಯಾರೆಂದು ಅವಳಿಗೆ ಗೊತ್ತಿತ್ತು, ಗೋಡೆಯಾಚೆ ಗಮ್ ಜಗಿಯುತ್ತಿದ್ದವನು, ಮೂರನೇ ದಿನ ಹಿಂದಕ್ಕೆ ಓದಿದಳು, ಎಂಟನೇ ದಿನ ಪಾಸಾದಳು.

ಆಮೇಲೆ ಏಪ್ರಿಲ್, ಕೊನೆಯ ಪ್ರಾಜೆಕ್ಟ್ ಹೇಗೆ ಬರೆಯುವುದೆಂದು ತಿಳಿಯದೆ ನಡುಹಗಲಿನ ಪಟ್ಟಿಯ ಬುಡಕ್ಕೆ ಹೋದರೆ, ಮಾದರಿಗೆ ನನ್ನದೇ ಇದೆ ನೋಡಿ ಎಂದು ಒಂದು ಕೊಂಡಿ, ಒತ್ತಿದಳು, ತೆರೆಯಿತು, ಲಾರಿ, ರೈತನ ಹೆಸರು, ತೂಕ, ತೇವ, ಹಳದಿ ಸಾಲು, ಅವಳ ಹಳದಿ, ಅವಳ ಪರದೆ, ಹೆಸರಿನ ಜಾಗದಲ್ಲಿ ಕಪ್ಪು ಬಳಿದಿದ್ದ, ಆದರೆ ಹೆತ್ತ ಕೂಸನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸುವುದಿಲ್ಲವೇ. ಮೇಲಿನ ದಿನಾಂಕ ನೋಡಿದಳು, ಎರಡು ವರ್ಷದ ಹಿಂದಿನ ವಸಂತ, ಟ್ರೆವರ್ ಬಂದು ಕೇಳಿದ್ದ ವಸಂತ, ಲಿಯೋನಾ, ಅಮ್ಮಂಗೆ ಹುಷಾರಿಲ್ಲ, ಗುರುವಾರದ ಪಾಳಿ ನೀವು ನೋಡ್ಕೊಳ್ತೀರಾ, ನೋಡಿಕೊಂಡಿದ್ದಳು, ಹನ್ನೊಂದು ಗುರುವಾರ, ಅವನು ಆ ಹೊತ್ತಿನಲ್ಲಿ ಅವಳ ಪ್ರೋಗ್ರಾಮನ್ನು ತನ್ನದೆಂದು ಕೊಟ್ಟು ಡಿಗ್ರಿ ತೆಗೆದುಕೊಳ್ಳುತ್ತಿದ್ದ, ಆ ಡಿಗ್ರಿಯನ್ನು ಹಿಡಿದೇ ಇಂಜಿನಿಯರ್ ಕೆಲಸ ಬೇರೆ ಎಂದದ್ದು. ಕಿತ್ತು ಬಿಸಾಕಬೇಕು ಎಂದು ಪಟ್ಟಿಗೆ ಕೈಹಾಕಿದವಳು ಹಾಕಿದ ಕೈಯನ್ನು ಹಿಂದಕ್ಕೆ ತೆಗೆದಳು, ಇಲ್ಲ, ನಿನ್ನ ಏಣಿಯಲ್ಲೇ ಹತ್ತಿ ಬಂದು ನಿನ್ನ ನೆತ್ತಿಗೇ ಒದೆಯುತ್ತೇನೆ, ಎಂದು ತಣ್ಣಗೆ ಕೂತು ಬೀಟ್‌ರೂಟಿನ ಹೆಸರಿನಲ್ಲಿ ಬರೆದಳು, ಸಮಯ ಇಲ್ಲ, ಆಫೀಸಿನಲ್ಲಿ ಒಬ್ಬರು ಮಾಡಿದ ಪ್ರೋಗ್ರಾಮ್ ಇದೆ, ನನ್ನದೆಂದು ಕೊಟ್ಟರೆ ಯಾರಿಗಾದರೂ ಗೊತ್ತಾದೀತೇ. ಗಾಳಕ್ಕೆ ಹುಳ ಸಿಕ್ಕಿಸಿ ಕಾದಳು, ಎರಡು ದಿನ ಉತ್ತರವಿಲ್ಲ, ಮೂರನೆಯ ದಿನ, ಮಧ್ಯಾಹ್ನ ಹನ್ನೆರಡು ಇಪ್ಪತ್ತು, ಬೇಡ, ಮಾಡ್ಬೇಡಿ, ಯಾರ್ಗೂ ಗೊತ್ತಾಗಲ್ಲ, ಅದೇ ಕಷ್ಟ. ನಾನು ಮಾಡ್ದೆ. ಅಮ್ಮಂಗೆ ಪಾರ್ಶ್ವವಾಯು ಆಗಿತ್ತು, ಆಸ್ಪತ್ರೆ ಮುಂದೆ ಕಾರಲ್ಲಿ ಕೂತೇ ಓದ್ತಿದ್ದೆ, ಅವಧಿ ಮುಗಿಯೋಕೆ ಆರು ದಿನ ಇತ್ತು, ನನ್ಗೆ ಕೆಲ್ಸ ಕಲಿಸಿದ ಹೆಂಗಸಿನದನ್ನೇ ಎತ್ಕೊಂಡೆ. ಈಗ ಅವ್ರು ಎದುರಿಗೆ ಬಂದ್ರೆ ಏನಾದ್ರೂ ಕುಹಕ ಆಡಿ ಓಡ್ಸಿಬಿಡ್ತೀನಿ, ನೋಡೋಕಾಗಲ್ಲ ಅವ್ರ ಮುಖ. ನೀವು ಹಾಗಾಗ್ಬೇಡಿ, ನಿಮ್ಮದೇ ಚಿಕ್ಕದೊಂದು ಮಾಡಿ, ನಾನು ಸಹಾಯ ಮಾಡ್ತೀನಿ. ಅವಳು ಅದನ್ನು ಎರಡು ಪ್ರತಿ ಮುದ್ರಿಸಿಕೊಂಡಳು. ಸಹಾಯವನ್ನೂ ಪಡೆದಳು, ಏಕೆ ಬಿಡಬೇಕು, ನಾಲ್ಕು ವಾರ ದಿನವೂ ನಡುಹಗಲಿಗೆ, ಅಮ್ಮಂಗೆ ಊಟ ಮಾಡಿಸೋ ಹೊತ್ತು, ಪಕ್ಕದಲ್ಲೇ ಕೂತು ಬರೀತೀನಿ ಎನ್ನುತ್ತಾ ಅವನು ತಿದ್ದಿ ಕಳಿಸಿದ, ಇವಳು ಧನ್ಯವಾದ ಬರೆದಳು, ಒಂದೊಂದು ಧನ್ಯವಾದವನ್ನೂ ಸಾಣೆ ಹಿಡಿದ ಹಾಗೆ.

ಇವತ್ತು ಬೆಳಗ್ಗೆ ಉದ್ದ ಮೇಜಿನ ಸುತ್ತ ಐವರು ನಿರ್ದೇಶಕರು, ಟ್ರೆವರ್ ಒಂದು ತುದಿಗೆ, ಅವಳು ಇನ್ನೊಂದಕ್ಕೆ, ಮೊದಲು ಡಿಗ್ರಿಯ ಕಾಗದ ಇಟ್ಟಳು, ಆಲ್ವಿನ್ ಕನ್ನಡಕ ಹಾಕಿಕೊಂಡು, ಅರೆ, ಯಾವಾಗ ಓದಿದ್ಯಮ್ಮಾ ಎಂದ, ಟ್ರೆವರ್ ಸಣ್ಣಗೆ ನಕ್ಕ, ಆನ್‌ಲೈನ್ ಅಲ್ವಾ, ಬೇಗ ಆಗತ್ತೆ. ಆಗತ್ತೆ, ನಿನಗೂ ಆಗಿತ್ತಲ್ಲ ಎಂದು ಅವಳು ಎರಡನೆಯದನ್ನು ಇಟ್ಟಳು, ಅವನ ಪ್ರಾಜೆಕ್ಟು, ಮೂರನೆಯದು ಹದಿನಾರು ವರ್ಷದ ಹಿಂದೆ ತಾನು ಮುದ್ರಿಸಿದ್ದ ಮೊದಲ ಪರದೆ, ಅಂಚಿನಲ್ಲಿ ಪೆನ್ಸಿಲ್ಲಿನ ಬರಹ, ತೇವಕ್ಕೆ ಕೆಂಪು ಬೇಡ, ರೈತರ ಎದೆ ಒಡೆಯತ್ತೆ, ಹಳದಿ ಹಾಕು. ಆಲ್ವಿನ್ ಬೆರಳಿಟ್ಟು ಓದಿದ, ಇದು ನನ್ನಕ್ಷರ ಕಣಯ್ಯಾ ಟ್ರೆವರ್, ನನ್ನಕ್ಷರ ಇದು. ಅಷ್ಟಕ್ಕೇ ಕೆಲಸ ಮುಗಿದಿತ್ತು, ಯಾರು ನೋಡಿದರೂ ಮುಗಿದಿತ್ತು, ನಾಲ್ಕನೆಯ ಕಾಗದ ಬೇಕಿರಲಿಲ್ಲ, ಆದರೂ ತೆಗೆದಳು, ಆದರೂ ಎದ್ದು ನಿಂತಳು, ಅಂಗಳದ ಹಕ್ಕಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು, ಬೇಡ, ಮಾಡ್ಬೇಡಿ, ಯಾರ್ಗೂ ಗೊತ್ತಾಗಲ್ಲ, ಅದೇ ಕಷ್ಟ, ಅಮ್ಮಂಗೆ ಪಾರ್ಶ್ವವಾಯು ಎಂಬಲ್ಲಿಗೆ ಬಂದಾಗ ಬಿಟ್ಟು ಓದಬಹುದಿತ್ತು, ಬಿಡಲಿಲ್ಲ. ಅವನ ಮುಖ ಬೆಂದ ಬೀಟ್‌ರೂಟಿನ ಹಾಗಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ, ಸುಣ್ಣದ ಹಾಗಾಯಿತು, ಅವಳ ಕಡೆ ತಿರುಗಿ, ಬೀಟ್‌ರೂಟ್ ನೀವೇನಾ ಎಂದ. ನಾನೇ. ಆ ಗಣಿತ, ಕೊನೇಗೆ ಎಷ್ಟು ಬಂತು ಎಂದ. ಎಂಬತ್ತೊಂದು ಎಂದಳು. ಎಂಬತ್ತೊಂದು ಒಳ್ಳೇದು, ನನ್ಗೆ ಅಷ್ಟು ಬಂದಿರ್ಲಿಲ್ಲ ಎಂದ. ಆಲ್ವಿನ್ ಮೇಜು ಕುಟ್ಟಿ, ಇವತ್ತೇ ಖಾಲಿ ಮಾಡಯ್ಯಾ ಎಂದ.

ಗೆದ್ದೆ, ಮಿಲ್ಟ್‌ಗೆ ಫೋನ್ ಮಾಡಬೇಕು, ಹೇಳಬೇಕು, ಆದರೆ ಕಿಟಕಿಯಾಚೆ ಲಾರಿಗಳ ಸಾಲಿನ ಪಕ್ಕ, ನೆರಳಿಲ್ಲದ ಕಡೆ, ಅವನ ನೀಲಿ ಕಾರು ಇನ್ನೂ ಅಲ್ಲೇ ಇದೆ, ರಟ್ಟಿನ ಡಬ್ಬ ಹಿಂದಿಟ್ಟು ಕೂತು ಅರ್ಧ ಗಂಟೆಯಾಯಿತು, ಇನ್ನೂ ಯಾಕೆ ಹೋಗಿಲ್ಲ, ಹೋಗಲಿ, ತೊಲಗಲಿ, ಕಾರಿನ ಗಾಜು ಏರಿಸಿದ್ದಾನೆ, ಇಂಥ ಬಿಸಿಲಿನಲ್ಲಿ, ಎರಡು ಕೈ ಸ್ಟೇರಿಂಗಿನ ಮೇಲೆ, ಅಲುಗದೆ. ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು, ಈ ಹೊತ್ತಿಗೆ ಅವನು ಅಮ್ಮನಿಗೆ ಊಟ ಮಾಡಿಸಲು ಹೋಗುವವನು, ಎರಡು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ, ಎಲ್ಲಿ ಹೋಗ್ತಾನೋ ಮೈಗಳ್ಳ ಎಂದು ಅವಳೇ ಎಷ್ಟು ಸಲ ಅಂದಿಲ್ಲ, ಹೋಗೋ, ಗಾಡಿ ತೆಗಿಯೋ, ಅಲ್ಲಿ ಮುದುಕಿ ಕಾಯುತ್ತಿರುತ್ತಾಳೆ, ನಾನು ತಪ್ಪು ಮಾಡಿಲ್ಲ, ಒಂದಕ್ಷರ ಸುಳ್ಳು ಓದಿಲ್ಲ, ಕದ್ದವನು ನೀನು, ನಕ್ಕವನು ನೀನು, ಎದುರಿಗೆ ಬಂದ್ರೆ ನೋಡೋಕಾಗಲ್ಲ — ಲಾರಿಯೊಂದು ಅಡ್ಡ ಬಂದು ಹೋಯಿತು, ಧೂಳು, ಧೂಳು ಇಳಿದ ಮೇಲೆ ಮತ್ತೆ ನೀಲಿ ಕಾರು, ಎರಡು ಕೈ. ಪರದೆಯ ಮೇಲೆ ಸಾಲು ಮೂಡಿತು, ಇನ್ನೊಂದು ಮೂಡಿತು, ಯಾರ ಗೋಧಿಯೋ, ಅವಳು ಓದಲಿಲ್ಲ, ಮತ್ತೊಂದು ಲಾರಿ, ಧೂಳು, ಏರಿಸಿದ ಗಾಜು, ಸ್ಟೇರಿಂಗಿನ ಮೇಲೆ ಎರಡು ಕೈ, ಹೋಗೋ, ಎರಡು ಕೈ, ಅಲುಗದ ಎರಡು ಕೈ