ಸಾಹೇಬರ ಕುರ್ಚಿ ಎಲ್ಲಿಡಬೇಕು

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಟಾರಾ ಡ್ರಾಗಾ ಬಂದರಿನ ಕ್ರೇನುಗಳೆಲ್ಲ ಕತ್ತೆತ್ತಿಕೊಂಡು ಸುಮ್ಮನೆ ನಿಂತಿದ್ದವು. ಗೇಟಿನಾಚೆ ಲಾರಿಗಳ ಸಾಲು ಸುರಂಗದ ಬಾಯಿ ಮುಟ್ಟಿತ್ತು. ಬಂದರಿನವರೆಲ್ಲ ಕ್ಯಾಂಟೀನಿನಲ್ಲಿ ಮರೆಂಡಕ್ಕೆ ಕೂತಿದ್ದರು. ಆ ಕರಾವಳಿಯಲ್ಲಿ ದುಡಿಯುವವನು ಹತ್ತರ ಬಿಸಿ ಊಟಕ್ಕೆ ಕೂತನೆಂದರೆ ಹಡಗು ಮುಳುಗಿದರೂ ತಟ್ಟೆ ಬಿಟ್ಟು ಏಳುವುದಿಲ್ಲ.

ಲೊರೆದಾನಾ ಮಾತ್ರ ಮಹಡಿಯ ಮೇಲೆ ನಿರ್ದೇಶಕ ಡ್ರಾಗೊವಾನ್ ಅವರ ಎದುರು ನಿಂತಿದ್ದಳು. ಬಂದರಿನ ಲೆಕ್ಕಾಚಾರದ ಎಂಜಿನಿಯರ್ ಅವಳು. ಸಂಜೆಯಾದರೆ ಚೆಂಡು ಉರುಳಿಸುವ ಬೋಚೆ ಆಟದ ತಂಡಕ್ಕೆ ನಾಯಕಿ. ಡ್ರಾಗೊವಾನ್ ಕಿಟಕಿಯಿಂದ ಕೆಳಗೆ ತೋರಿಸಿದ್ದು ಅದೇ ಬೋಚೆ ಅಂಗಳವನ್ನು. ಚೆಂಡು ಉರುಳಿಸಿ ಉರುಳಿಸಿ ಅದರ ಮಣ್ಣು ಹಪ್ಪಳದಂತೆ ಸಪಾಟಾಗಿತ್ತು.

"ಅದನ್ನ ಕಿತ್ತು ಕಂಟೈನರ್ ಪೇರಿಸ್ತೀನಿ. ಜಾಗ ಸಾಲ್ತಿಲ್ಲ."

"ಜಾಗ ಇದೆ ಸಾಹೇಬ್ರೆ. ಎಲ್ರೂ ಒಟ್ಟಿಗೆ ಉಣ್ಣೋಕೆ ಹೋಗ್ತಾರಲ್ಲ, ಅದೇ ತೊಂದ್ರೆ. ಲಾರಿ ಒಳಗೆ ಬರದಿದ್ರೆ ಪೆಟ್ಟಿಗೆ ಹೊರಗೆ ಹೇಗೆ ಹೋಗ್ತಾವೆ?"

"ಹಾಗಾದ್ರೆ ಲಾರಿಗಳು ಕಾಯೋದನ್ನ ಸರಾಸರಿ ಮೂವತ್ತು ನಿಮಿಷದೊಳಗೆ ತಂದು ತೋರ್ಸು. ಅಂಗಳ ನಿಂದೇ. ಇಲ್ಲಾಂದ್ರೆ ಈಸ್ಟರ್ ಮುಗಿದ ಮೇಲೆ ಕಾಂಕ್ರೀಟು."

ಲೊರೆದಾನಾಳ ಗಣಕದೊಳಗೆ ಇನ್ನೊಂದು ಬಂದರಿತ್ತು. ಅಲ್ಲಿ ಲಾರಿ, ಕ್ರೇನು, ಆಳು ಎಲ್ಲವೂ ಚುಕ್ಕೆಗಳು. ಇಡೀ ದಿನದ ಕೆಲಸ ಒಂದು ಗುಟುಕು ಕಾಫಿಯ ಹೊತ್ತಿಗೆ ಮುಗಿಯುತ್ತಿತ್ತು. ಅವಳು ಆಳುಗಳನ್ನು ಮೂರು ಪಂಕ್ತಿಗಳಾಗಿ ಒಡೆದು, ಒಂದೊಂದು ಪಂಕ್ತಿಯನ್ನು ಒಂದೊಂದು ಹೊತ್ತಿಗೆ ಊಟಕ್ಕೆ ಕಳಿಸಿದಳು. ಕ್ರೇನು ನಿಲ್ಲಲಿಲ್ಲ. ಲಾರಿ ಕಾದದ್ದು ಇಪ್ಪತ್ನಾಲ್ಕು ನಿಮಿಷ. ಡ್ರಾಗೊವಾನ್ ಹಾಗೆಯೇ ಆದೇಶ ಹೊರಡಿಸಿದರು.

ಆದೇಶದ ಮೊದಲ ದಿನ, ಮೊದಲ ಪಂಕ್ತಿಗೇ ಮೂರೂ ಪಂಕ್ತಿಯವರು ಬಂದು ಕೂತರು. ಅಡುಗೆಯ ಎಟ್ಟಕ್ಕ ಮಾಡುವುದು ಒಂದೇ ಪಾತ್ರೆ ಮೀನಿನ ಸಾರು. ತಡವಾಗಿ ಬಂದವನಿಗೆ ಸಿಗುವುದು ತಲೆ ಮತ್ತು ಬಾಲ. ಅದು ಗೊತ್ತಿದ್ದೂ ಕಾಯುವ ಪೆದ್ದ ಆ ಬಂದರಿನಲ್ಲಿ ಹುಟ್ಟಿರಲಿಲ್ಲ. ಲಾರಿಗಳು ಎಪ್ಪತ್ತು ನಿಮಿಷ ಕಾದವು.

"ನಿನ್ನ ಕಂಪ್ಯೂಟರಿಗೆ ಹೊಟ್ಟೆ ಇಲ್ಲ ಕಣಮ್ಮ," ಎಂದರು ಡ್ರಾಗೊವಾನ್, ಸಂತೋಷದಿಂದ.

ಮಾತು ನಿಜವೇ ಆಗಿತ್ತು. ಲೊರೆದಾನಾ ಚುಕ್ಕೆಗಳಿಗೆ ಹೊಟ್ಟೆ ಕೊಡಲು ಕೂತಳು. ಮೂರು ಹೊತ್ತಿಗೆ ಮೂರು ಪಾತ್ರೆ: ಒಂಬತ್ತೂವರೆಗೆ ಬೋಟಿ ಸಾರು, ಹತ್ತೂವರೆಗೆ ಮೀನು, ಹನ್ನೊಂದೂವರೆಗೆ ಬೀನ್ಸ್ ಕಾಳು ಹಾಕಿದ ಪಾಸ್ತಾ. ಆದೇಶ ಬೇಡ, ನಾಲಿಗೆಯೇ ಜನರನ್ನು ಹಂಚಲಿ. ಯಾರಿಗೆ ಯಾವುದು ಇಷ್ಟ, ಎಷ್ಟು ಇಷ್ಟ ಎಂದು ಅವಳು ಬಂದರೆಲ್ಲ ಸುತ್ತಿ ಕೇಳಿದಳು. ಮಾರನೆಯ ದಿನ ಕ್ರೇನು ನಡೆಸುವ ಫೆರುಚ್ಚೊ ಅಷ್ಟೆತ್ತರದಿಂದ ಇಳಿದೇ ಬಂದ.

"ಹುಡುಗ ಯಾರು?"

"ಯಾವ ಹುಡುಗ?"

"ಮೂರು ಬಗೆ ಅಡುಗೆ, ಇಡೀ ಬಂದರಿಗೆ ಊಟ. ಸುಮ್ನೆ ಕೇಳ್ತಾರಾ? ಹೇಳು, ನಾನು ಯಾರಿಗೂ ಹೇಳಲ್ಲ."

"ನೀನು ಯಾರಿಗೂ ಹೇಳದ ವಿಷ್ಯ ಈ ಬಂದರಲ್ಲಿ ಯಾವ್ದಿದೆಯೋ? ಬೋಟಿನಾ ಮೀನಾ, ಅಷ್ಟು ಹೇಳು."

"ಮದುವೇಲಾದ್ರೆ ಎರಡೂ."

ಲೆಕ್ಕ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಜನ ಬೋಟಿಯ ಕಡೆ. ಅಷ್ಟು ಮಂದಿ ಒಟ್ಟಿಗೆ ಎದ್ದರೆ ಮತ್ತೆ ಕ್ರೇನು ನಿಂತಂತೆಯೇ. ಗಣಕ ಮೂವತ್ತೆಂಟು ನಿಮಿಷ ಎಂದಿತು. ಬೋಟಿಯ ಮುಂದಿನಿಂದ ಬಂದರಿನ ಆಳನ್ನು ಎಬ್ಬಿಸುವಂಥದ್ದು ಏನಿದೆ?

"ಉಪ್ಪು ಜಾಸ್ತಿ ಹಾಕು ಅಂತ ಮಾತ್ರ ಅನ್ಬೇಡ," ಎಂದಳು ಎಟ್ಟಕ್ಕ. "ಅದಕ್ಕೆ ನನ್ನ ಕೈ ಬರಲ್ಲ."

ಆಗ ಲೊರೆದಾನಾಳಿಗೆ ಕ್ರಿಸ್‌ಮಸ್ ಊಟ ನೆನಪಾಯಿತು. ಡ್ರಾಗೊವಾನ್ ಬಂದು ಕೂತ ಮೇಜು ಹೇಗೆ ಖಾಲಿಯಾಗಿತ್ತು, ಅದರ ಪಕ್ಕದ್ದು ಹೇಗೆ ಅರ್ಧ ಖಾಲಿಯಾಗಿತ್ತು. ಅವಳು ಗಣಕದ ಕ್ಯಾಂಟೀನಿನ ನಟ್ಟನಡುವೆ ಒಂದು ಕೆಂಪು ಚುಕ್ಕೆ ಇಟ್ಟಳು. ಅದರ ಹತ್ತಿರ ಹೋದಷ್ಟೂ ಉಳಿದ ಚುಕ್ಕೆಗಳ ಹಸಿವು ಇಳಿಯುವಂತೆ ಮಾಡಿದಳು. ಇಪ್ಪತ್ತೆಂಟು ನಿಮಿಷ.

"ಈ ಕೆಂಪು ಚುಕ್ಕೆ ಏನು?" ಡ್ರಾಗೊವಾನ್ ಪರದೆಯತ್ತ ಬಾಗಿದರು.

"ಜನರನ್ನ ಸಮನಾಗಿ ಹಂಚೋ ವ್ಯವಸ್ಥೆ."

"ಖರ್ಚೆಷ್ಟು?"

"ಏನಿಲ್ಲ. ನೀವು ದಿನಾ ಒಂಬತ್ತೂವರೆಗೆ ಆ ಜಾಗದಲ್ಲಿ ಕೂತು ಬೋಟಿ ಊಟ ಮಾಡ್ಬೇಕು. ದೊಡ್ಡೋರು ಕಣ್ಣೆದುರಿಗಿದ್ರೆ ಶಿಸ್ತು ತಾನಾಗೇ ಬರುತ್ತೆ."

ಡ್ರಾಗೊವಾನ್ ಟೈ ಸರಿಪಡಿಸಿಕೊಂಡರು. ಮನೆಯಲ್ಲಿ ಹೆಂಡತಿ ಅವರಿಗೆ ಬರೀ ಸೊಪ್ಪು ಹಾಕುತ್ತಿದ್ದಳು, ಹೆಚ್ಚು ಹೇಳಿಸಿಕೊಳ್ಳಲಿಲ್ಲ.

ಮೂರು ಪಾತ್ರೆ ಒಲೆಯೇರಿದ ಸೋಮವಾರ, ತಟ್ಟೆ ಹಿಡಿದು ಬಂದ ಫೆರುಚ್ಚೊ ನಡುವೆ ಕೂತ ಡ್ರಾಗೊವಾನ್ ಅವರನ್ನು ಕಂಡವನೇ ಬಾಗಿಲಲ್ಲೇ ತಿರುಗಿದ. "ಇವತ್ತು ಯಾಕೋ ಮೀನು ತಿನ್ನೋ ಮನಸಾಗಿದೆ," ಎಂದು ಹಿಂದಿನವರಿಗೂ ತಿಳಿಸಿದ. ಒಳಗೆ ಸಿಕ್ಕಿಬಿದ್ದವರಿಗೆ ಡ್ರಾಗೊವಾನ್ ತಾವು ಮೊದಲ ಕ್ರೇನು ಖರೀದಿಸಿದ ಕಥೆ ಹೇಳಿದರು. ಬುಧವಾರದ ಹೊತ್ತಿಗೆ ಬೋಟಿಗೆ ದಿಕ್ಕಿಲ್ಲ, ಮೀನಿಗೆ ನೂಕುನುಗ್ಗಲು, ಗೇಟಿನಲ್ಲಿ ಮತ್ತೆ ಸಾಲು. ಕಥೆಯ ಬಲವನ್ನು ಲೊರೆದಾನಾ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗುರುವಾರ ಅವಳು ಕುರ್ಚಿಯನ್ನು ಕಿಟಕಿಯ ಮೂಲೆಗೆ ಸರಿಸಿದಳು. "ನಡುವೆ ಗಾಳಿ ಹೊಡೆಯುತ್ತೆ ಸಾಹೇಬ್ರೆ." ಬೋಟಿಯವರು ಅರ್ಧದಷ್ಟು ಮರಳಿ ಬಂದು ಬಾಗಿಲ ಕಡೆಯ ಮೇಜು ಹಿಡಿದರು.

"ನನ್ನೆದುರು ಎಷ್ಟು ಸಂಕೋಚ ನೋಡು ಇವರಿಗೆ," ಎಂದರು ಡ್ರಾಗೊವಾನ್, ಎರಡನೆಯ ಸಲ ಬಡಿಸಿಕೊಳ್ಳುತ್ತ.

"ಗೌರವ, ಸಾಹೇಬ್ರೆ."

ಮುಂದಿನ ವಾರ ಕುರ್ಚಿ ಅಲುಗಲಿಲ್ಲ, ಕ್ರೇನೂ ನಿಲ್ಲಲಿಲ್ಲ. ಶನಿವಾರ ಡ್ರಾಗೊವಾನ್ ಕಾಂಕ್ರೀಟಿನವರಿಗೆ ಫೋನು ಮಾಡಿ ಬರುವುದು ಬೇಡವೆಂದರು. ಆ ವಾರ ಗೇಟಿನಲ್ಲಿ ಅಳೆದಂತೆ, ಒಂದು ಲಾರಿ ಸರಾಸರಿ ಕಾದದ್ದು ೨೬.೪ ನಿಮಿಷ.