ಭುಜ ತಟ್ಟುವ ಕೈ

ಇದೂ ಒಂದು ಏಟಾ? ನೊಣ ಓಡಿಸುವವರೂ ಇದಕ್ಕಿಂತ ಜೋರಾಗಿ ಹೊಡೆಯುತ್ತಾರೆ.

ಇರಾಹಾ ಹಲ್ಲು ಕಚ್ಚಿಕೊಂಡು ಎರಡನೆಯ ಹೆಜ್ಜೆ ಎಳೆದ. ಮೊಣಕಾಲು ಒಳಕ್ಕೆ, ಸೊಂಟ ಬಿಗಿ, ಉಸಿರು ಹೊಕ್ಕುಳ ಕೆಳಗೆ. ನೋಟ ನೇರ. ಬೆನ್ನ ಹಿಂದೆ ನಿಂತಿದ್ದ ಜುಕೇರನ್ ಗುರುಗಳ ಅಂಗೈ ಅವನ ಬರಿಭುಜದ ಮೇಲೆ ಮತ್ತೆ ಬಿತ್ತು. ಮತ್ತದೇ, ಹಾಸಿಗೆಯ ಧೂಳು ಕೊಡವಿದ ಹಾಗೆ.

ಕರಾಟೆಯಲ್ಲಿ ಸಾನ್‌ಚಿನ್ ವರಸೆ ಕಟ್ಟುವುದೆಂದರೆ ಇಷ್ಟೇ. ಸೊಂಟದ ಮೇಲೆ ಬಟ್ಟೆಯಿಲ್ಲದೆ ಮೈಯ ಒಂದೊಂದು ಸ್ನಾಯುವನ್ನೂ ಬಿಗಿದು, ಬುಸುಗುಡುತ್ತ, ಮೂರು ಹೆಜ್ಜೆ ಮುಂದೆ, ತಿರುಗು, ಮತ್ತೆ ಹೆಜ್ಜೆ. ಗುರು ಭುಜಕ್ಕೂ ತೊಡೆಗೂ ಬಾರಿಸಿ ಎಲ್ಲಿ ಸಡಿಲವಿದೆ ಎಂದು ನೋಡುತ್ತಾನೆ. ಹೊಡೆಯುವವನ ಮುಖ ನೋಡಕೂಡದು. ಕಣ್ಣು ಅಲುಗಿದರೆ ಉಸಿರೂ ಅಲುಗುತ್ತದೆ. ಎಲ್ಲ ಮುಗಿದ ಮೇಲೆ ಗುರುವಿನ ಬಾಯಿಂದ ಒಂದು ಮಾತು ಬರಬೇಕು: ಸರಿ. ಆ ಒಂದು ಮಾತಿಗಾಗಿ ಇರಾಹಾ ಹತ್ತೊಂಬತ್ತು ವರ್ಷದಿಂದ ನಾಹಾ ಊರಿನ ಈ ಗರಡಿಗೆ ಎಡತಾಕುತ್ತಿದ್ದ.

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಅವನು. ಹೋದ ವರ್ಷ ಹೆಂಡತಿ ತೋಮಿ ಚೀಲ ಹಿಡಿದು ಬಾಗಿಲಲ್ಲಿ ನಿಂತು, "ಏನಾದ್ರೂ ಅನ್ನಿ, ಬೈಯಿರಿ ಬೇಕಾದ್ರೆ," ಎಂದಾಗಲೂ ಅವನು ಹೊಟ್ಟೆ ಬಿಗಿಹಿಡಿದು ಉಸಿರು ಕೆಳಗಿಳಿಸಿದ್ದ. ಉಸಿರು ಒಂಚೂರೂ ತಪ್ಪಲಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಅದಕ್ಕಾಗಿ ಹೆಮ್ಮೆ ಬೇರೆ ಪಟ್ಟಿದ್ದ, ದಡ್ಡ ಶಿಖಾಮಣಿ.

ಎರಡು ವರ್ಷದಿಂದ ಗುರುಗಳ ಏಟು ಹಗುರಾಗುತ್ತ ಬಂದಿತ್ತು. ಇವನು ಹೊಡೆಯುವುದಕ್ಕೂ ಲಾಯಕ್ಕಿಲ್ಲ ಎಂದು ಕೈಬಿಟ್ಟಿದ್ದಾರೆ. ಇರಾಹಾ ಹಾಗಂತಲೇ ತಿಳಿದಿದ್ದ. ಹೋದ ಭಾನುವಾರವಂತೂ, ಬಂದು ಎರಡು ತಿಂಗಳಾಗದ ಬೆಲ್ಜಿಯಂ ಹುಡುಗನಿಗೆ ಗುರುಗಳು 'ಸರಿ' ಅಂದುಬಿಟ್ಟರು. ಅವನ ಹೊಟ್ಟೆಯೋ, ನಾದಿಟ್ಟ ಹಿಟ್ಟು! ವಾರವಿಡೀ ಇರಾಹಾನಿಗೆ ಅನ್ನ ಸೇರಿರಲಿಲ್ಲ. ಇವತ್ತು ಕೇಳಿಯೇಬಿಡುತ್ತೇನೆ, ಇಲ್ಲದಿದ್ದರೆ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಬೆಳಿಗ್ಗೆಯೇ ಹಟತೊಟ್ಟು ಬಂದಿದ್ದ.

ಕೊನೆಯ ಉಸಿರು ಬಿಟ್ಟು, ಕೈ ಇಳಿಸಿ, ತಲೆ ಬಗ್ಗಿಸಿ ನಿಂತ.

"ಸರಿ," ಎಂದರು ಗುರುಗಳು.

ಹತ್ತೊಂಬತ್ತು ವರ್ಷ! ಇರಾಹಾನಿಗೆ ಅಳು ಬಂದೇಬಿಡುತ್ತದೆ ಎನ್ನುವಷ್ಟರಲ್ಲಿ ಗುರುಗಳ ಮಗಳು ಕಿಯೊ ಟೀ ತಂದಿಟ್ಟಳು.

"ಅಪ್ಪಾ, ಊಟಕ್ಕೆ ಹಾಗಲಕಾಯಿ ಮಾಡ್ಲಾ?"

"ಸರಿ."

"ಮೀನು ಮಾಡ್ಲಾ?"

"ಸರಿ."

"ಏನೂ ಮಾಡದೆ ಮಲಕ್ಕೊಂಡ್‌ಬಿಡ್ಲಾ?"

"ಸರಿ ಸರಿ."

ಕಿಯೊ ನಕ್ಕಳು. ಇರಾಹಾ ನಗಲಿಲ್ಲ.

"ಯಾವಾಗಿಂದ ಹೀಗೆ?"

"ಮರೆವು ಶುರುವಾಗಿ ಎರಡು ವರ್ಷ ಆಗ್ತಾ ಬಂತಲ್ಲ. ಎಲ್ಲದಕ್ಕೂ 'ಸರಿ' ಅನ್ನೋದು ಮಾತ್ರ ಹೋದ ವಾರದಿಂದ. ಅಯ್ಯೋ, ನಿಮಗೆ ಗೊತ್ತೇ ಇಲ್ವಾ ಮೇಷ್ಟ್ರೇ? ವಾರಕ್ಕೆ ಮೂರು ದಿನ ಬರ್ತೀರಿ!"

"ಯಾರೂ ಹೇಳ್ಲಿಲ್ಲ."

"ಹೇಳೋದೇನು ಬಂತು? ಮುಖ ನೋಡಿದ್ರೆ ಗೊತ್ತಾಗುತ್ತೆ. ಆ ಬೆಲ್ಜಿಯಂ ಹುಡುಗ ಮೂರನೇ ದಿನಾನೇ ಕೇಳ್ದ, ಡಾಕ್ಟ್ರಿಗೆ ತೋರಿಸ್ತಿದೀರಾ ಅಂತ."

ಇರಾಹಾ ಆಗ ಗುರುಗಳ ಮುಖ ನೋಡಿದ. ಬಾಯಿ ಅರೆತೆರೆದಿತ್ತು. ಕಣ್ಣು ಅವನ ಕಡೆಗಿತ್ತು, ಅವನನ್ನು ನೋಡುತ್ತಿರಲಿಲ್ಲ. ಇರಾಹಾನ ಮೈಯೆಲ್ಲ ಉರಿದುಹೋಯಿತು. ಮುದುಕ ಮೋಸ ಮಾಡಿಬಿಟ್ಟ. ಬುದ್ಧಿ ನೆಟ್ಟಗಿದ್ದಾಗ ಒಂದು ಮಾತು ಉದುರಿಸಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಈಗ ಹಾಗಲಕಾಯಿಗೂ ಅದೇ, ನನಗೂ ಅದೇ.

ಅಷ್ಟರಲ್ಲಿ ಗುರುಗಳು ಅಂಗಿ ಕಳಚಿದರು. ಇರಾಹಾನಿಗೆ ಆಳವಾಗಿ ಬಾಗಿ, ಬೆನ್ನು ಕೊಟ್ಟು ನಿಂತರು.

"ಇವತ್ತು ನೋಡಿ ಗುರುಗಳೇ. ಚೆನ್ನಾಗಿ ಕಟ್ತೀನಿ."

"ನಿಮ್ಮನ್ನ ಅವರ ಗುರು ಅಂದ್ಕೊಂಡಿದಾರೆ," ಎಂದಳು ಕಿಯೊ. "ಸುಮ್ನೆ ಎರಡು ತಟ್ಟಿ 'ಸರಿ' ಅನ್ನಿ, ಖುಷಿಪಡ್ತಾರೆ. ಒಲೆ ಮೇಲೆ ಎಣ್ಣೆ ಇದೆ, ಬಂದೆ."

ಗುರುಗಳು ಮೊದಲ ಹೆಜ್ಜೆ ಎಳೆದರು. ಇರಾಹಾ ಸುಮ್ಮನೆ ತಟ್ಟಲಿಲ್ಲ. ಎರಡೂ ಅಂಗೈ ಎತ್ತಿ ಬಾರಿಸಿದ. ಎಂಬತ್ತೊಂದು ವರ್ಷದ ಭುಜಗಳ ಮೇಲೆ ಐದೈದು ಬೆರಳು ಕೆಂಪಗೆ ಎದ್ದವು. ಮುದುಕ ಕದಲಲಿಲ್ಲ. ಬೆನ್ನಿಗೆ ಬಾರಿಸಿದ, ತೊಡೆಗೆ ಬಾರಿಸಿದ. ಎಲ್ಲೋ ಒಂದು ಕಡೆ ಸಡಿಲ ಸಿಗಲಿ, ಒಂದೇ ಒಂದು ತಪ್ಪು ಸಿಗಲಿ ಎಂದು ಹುಡುಕುತ್ತ ಹೊಡೆದ. ಸಿಗಲಿಲ್ಲ. ಹಾಳು ದೇಹ ಒಂದನ್ನೂ ಮರೆತಿರಲಿಲ್ಲ.

ಮೂರನೆಯ ಹೆಜ್ಜೆಯಲ್ಲಿ ಗುರುಗಳು ನಿಂತರು.

"ಸರಿ ಇದೆಯಾ, ಗುರುಗಳೇ?"

ಮುಖ ತಿರುಗಿಸದೆ ಕೇಳಿದರು. ಕತ್ತಿನ ನರ ಉತ್ತರಕ್ಕಾಗಿ ಸೆಟೆದಿತ್ತು. 'ಸರಿ' ಎಂಬ ಮಾತು ಇರಾಹಾನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಉಗುಳಿದರೆ ಮುಗಿಯುತ್ತಿತ್ತು. ಅವನು ಹೊಟ್ಟೆ ಬಿಗಿಹಿಡಿದ.

ಉತ್ತರ ಬರಲಿಲ್ಲವೆಂದು ಗುರುಗಳು ಮತ್ತೆ ಕಾಲೆಳೆದರು. ತಿರುಗಬೇಕಿತ್ತು. ತಿರುಗಲಿಲ್ಲ. ನಾಲ್ಕನೆಯ ಹೆಜ್ಜೆ. ಐದನೆಯದು. ಗೋಡೆ ಬಂತು. ಪಾದ ಅರ್ಧಚಂದ್ರ ಬರೆದು ಹಲಗೆಗೆ ತಾಗಿತು. ಹಿಂದೆ ಬಂದು ಮತ್ತೆ ಬರೆಯಿತು, ಮತ್ತೆ ತಾಗಿತು. ಹಣೆ ಗೋಡೆಗೆ ಒತ್ತಿತ್ತು. ಉಸಿರು ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ.

"ಆಯ್ತಾ ಮೇಷ್ಟ್ರೇ?" ಒಳಗಿನಿಂದ ಕಿಯೊ ಕೂಗಿದಳು.

ನಿಲ್ಲಿಸು ಎನ್ನುವ ಅಧಿಕಾರ ಹೊಡೆಯುವವನದು. ಇರಾಹಾ ಉರಿಯುವ ಅಂಗೈಗಳನ್ನು ಎತ್ತಿಕೊಂಡೇ ನಿಂತಿದ್ದ. ಮುದುಕನ ಪಾದ ಗೋಡೆಯನ್ನು ಮತ್ತೊಮ್ಮೆ ತಾಗಿತು.